ಕತ್ತೆಯ ಹಿಂದೆ ನಡೆಯೋದು ಕಲಿತ ಸಣ್ಣೀರ

ಬಾ ಇಲ್ಲಿ, ಕಾಲು ಚಾಚು. ಎಲ್ಲಿ, ಆ ಹೆಬ್ಬೆರಳು ತೋರಿಸು. ಬೆಳಗ್ಗೆ ಒಂದು ಸಲ, ಇಸ್ಕೂಲಿಂದ ಬಂದಾಗ ಒಂದು ಸಲ, ಈಗ ಊಟಕ್ಕೆ ಬಾ ಅಂದಾಗ ಇನ್ನೊಂದು ಸಲ. ಒಂದೇ ದಿನದಲ್ಲಿ ಮೂರು ಸಲ ಅದೇ ಅಡಿಗೆಮನೆ ಹೊಸಿಲಿಗೆ ಎಡವಿದ್ದೀಯಲ್ಲ ಸಿಂಚೂ, ಆ ಹೊಸಿಲೇನು ಇವತ್ತು ಬಂದು ಅಲ್ಲಿ ಮಲಗಿದ್ದಾ? ನಮ್ಮತ್ತೆ ಕಾಲದಿಂದ ಅಲ್ಲೇ ಇದೆ. ಆಯ್ತು, ಅಳಬೇಡ. ಅರಿಸಿನ ಹಚ್ಚಿದ್ದೀನಿ, ಉರಿ ಇಳಿಯುತ್ತೆ. ಕತೆ ಬೇಕಾ? ಹೇಳ್ತೀನಿ, ಆದರೆ ಒಂದು ಕರಾರು. ನೀನು ಹೂಂ ಹೂಂ ಅಂತಿರಬೇಕು. ನಿನ್ನ ಹೂಂ ನಿಂತರೆ ನನ್ನ ಕತೇನೂ ನಿಲ್ಲುತ್ತೆ.

ಒಂದಾನೊಂದು ಕಾಲದಲ್ಲಿ, ಅಂದರೆ ಮನೆಮನೆಗೆ ನಲ್ಲಿ ಬರೋದಕ್ಕೂ ಮುಂಚೆ, ಪ್ಲಾಸ್ಟಿಕ್ ಬಿಂದಿಗೆ ಅನ್ನೋದು ಹುಟ್ಟೋದಕ್ಕೂ ಮುಂಚೆ, ಊರಿನ ನೀರೆಲ್ಲ ಮಣ್ಣಿನ ಗಡಿಗೇಲೇ ಓಡಾಡ್ತಿದ್ದ ಕಾಲದಲ್ಲಿ, ಒಡಗಟ್ಟ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಹೊಂಬಾಳಮ್ಮ ಅಂತ ಒಬ್ಬಳು ಕುಂಬಾರರ ಮುದುಕಿ ಇದ್ದಳಂತೆ. ಗಂಡ ತೀರಿಹೋಗಿದ್ದ, ಮೂರು ಜನ ಗಂಡುಮಕ್ಕಳು. ದೊಡ್ಡವನು ಓಬಯ್ಯ, ತಿಗರಿ ತಿರುಗಿಸಿ ಗಡಿಗೆ ಎತ್ತೋನು. ನಡುವಿನವನು ಚೌಡಯ್ಯ, ಆವಿಗೆಗೆ ಬೆಂಕಿ ಹಾಕಿ ಸುಡೋನು, ಆಮೇಲೆ ಸಂತೇಲಿ ಕೂತು ಮಾತಾಡಿ ಮಾತಾಡಿ ಮಾರೋನು. ಚಿಕ್ಕವನು ಸಣ್ಣೀರ. ಅವನಿಗೆ ಏನೂ ಬರ್ತಿರಲಿಲ್ಲ, ಅದಕ್ಕೇ ಕೆರೆಯಿಂದ ಮಣ್ಣು ಹೊತ್ತು ತರೋಕೆ ಕತ್ತೆ ಜೊತೆ ಕಳಿಸ್ತಿದ್ದರಂತೆ. ಅವನೆಂಥಾ ನಿದ್ದೆಬುರುಕ ಅಂದರೆ, ಕತ್ತೆ ಬಾಲ ಹಿಡಕೊಂಡು ನಿದ್ದೆ ಮಾಡ್ತಾ ಕೆರೆಗೆ ಹೋಗ್ತಿದ್ದನಂತೆ, ನಿದ್ದೆ ಮಾಡ್ತಾನೇ ವಾಪಸ್ಸು ಬರ್ತಿದ್ದನಂತೆ, ಮನೆ ಮುಂದೆ ಕತ್ತೆ ನಿಂತಾಗ ಅದರ ಬೆನ್ನಿಗೆ ಮೂಗು ಗುದ್ದಿ ಎಚ್ಚರ ಆಗ್ತಿತ್ತಂತೆ.

ಆ ಕತ್ತೆಗೂ ಒಂದು ಹೆಸರಿತ್ತು. ಅದು ನಡೆಯೋ ಗತ್ತು ನೋಡಿ ಊರೋರು ಅದಕ್ಕೆ ಪಟೇಲ ಅಂತ ಹೆಸರಿಟ್ಟಿದ್ದರಂತೆ. ಯಾವತ್ತೂ ಓಡಲ್ಲ, ಯಾವತ್ತೂ ಎಡವಲ್ಲ, ಒಂದೊಂದು ಕಾಲೂ ಯೋಚನೆ ಮಾಡಿ ಎತ್ತಿ, ಯೋಚನೆ ಮಾಡಿ ಇಡೋದು. ನಿಜವಾದ ಪಟೇಲರು ಆ ಬೀದೀಲಿ ಬಂದಾಗ ಮಾತ್ರ ಹೆಸರು ಹಿಡಿಯೋ ಹಾಗಿಲ್ಲವಲ್ಲ, ಆಗ ಕತ್ತೆಗೆ ಅವರು ಅಂತಿದ್ದರಂತೆ. ಅವರಿಗೆ ಹುಲ್ಲು ಹಾಕಿದೆಯೇನೋ, ಅವರು ಇವತ್ತು ಒದ್ದುಬಿಟ್ಟರು ಕಣೋ, ಹೀಗೆ. ಪಟೇಲರು ಪಾಪ, ಕುಂಬಾರರ ಮನೆಗೆ ಯಾರೋ ದೊಡ್ಡ ನೆಂಟರು ಬಂದಿದ್ದಾರೆ, ಸ್ವಲ್ಪ ಮುಂಗೋಪಿ ಇರಬೇಕು ಅಂದುಕೊಂಡು ಹೋಗ್ತಿದ್ದರಂತೆ.

ನಗು, ನಗು. ಹೂಂ ಅನ್ನೋದು ಮರೀಬೇಡ.

ಈ ಮನೇಲಿ ಮಣ್ಣು ತುಳಿಯೋ ಕೆಲಸ ಮಾತ್ರ ಹೊಂಬಾಳಮ್ಮಂದೇ. ನೆನೆಸಿದ ಮಣ್ಣನ್ನ ಅಂಗಳದಲ್ಲಿ ದೊಡ್ಡ ರೊಟ್ಟಿ ಹಾಗೆ ಹರಡಿ, ಅಂಚಿನಿಂದ ಶುರುಮಾಡಿ, ಸುತ್ತು ಸುತ್ತಿ ನಡೂಮಧ್ಯಕ್ಕೆ ಬಂದು, ಮತ್ತೆ ಮಧ್ಯದಿಂದ ಅಂಚಿಗೆ, ಹೆಜ್ಜೆ ಪಕ್ಕ ಹೆಜ್ಜೆ ಒತ್ತಿ ಒತ್ತಿ ತುಳಿಯೋದು. ದಿನಾ ಹಾಗೆ ಹನ್ನೊಂದು ಸುತ್ತು, ಹನ್ನೆರಡಲ್ಲ, ಹತ್ತೂ ಅಲ್ಲ. ನಡುನಡುವೆ ಗಕ್ಕನೆ ನಿಲ್ಲೋಳು, ಬಗ್ಗಿ ಕಾಲ ಕೆಳಗಿಂದ ಏನೋ ಕಿತ್ತು ಗೋಡೆ ಆಚೆಗೆ ಎಸೆಯೋಳು, ಮತ್ತೆ ನಡೆಯೋಳು. ಏನು ಎಸೀತಾಳೆ ಅಂತ ಮಕ್ಕಳು ಯಾರೂ ಕೇಳಿದ್ದೇ ಇಲ್ಲವಂತೆ. ಅವ್ವ ಅಂಗಳದಲ್ಲಿ ನಡೀತಾಳೆ, ಅಷ್ಟೇ. ನಡೆಯೋದೇನು ಮಹಾ ಕೆಲಸ ಅಂದುಕೊಂಡಿದ್ದರು.

ಹೀಗಿರೋವಾಗ ಒಂದು ದಿನ ಹೊಂಬಾಳಮ್ಮನ ಎರಡೂ ಮಂಡಿ ಹಿಡಕೊಂಡುಬಿಟ್ಟವಂತೆ. ಕೂತರೆ ಏಳೋಕಾಗಲ್ಲ, ಎದ್ದರೆ ಕೂರೋಕಾಗಲ್ಲ. ಆಮೇಲೆ ಮಕ್ಕಳು, ನೀನು ಜಗಲೀಲಿ ಕೂತ್ಕೋ ಅವ್ವ, ಮಣ್ಣು ತಾನೇ, ನಾವು ತುಳಿದುಕೊಳ್ತೀವಿ ಅಂತ, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು, ಹಾಡು ಹೇಳ್ಕೊಂಡು, ಧಡ ಧಡ ತುಳಿದು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸಿಬಿಟ್ಟರಂತೆ. ಅವ್ವ ನಿಲ್ಲಿಸ್ರೋ ನಿಲ್ಲಿಸ್ರೋ ಅಂತ ಜಗಲೀಲಿ ಕೂಗಿಕೊಂಡಳಂತೆ, ಹಾಡಿನ ಗಲಾಟೇಲಿ ಯಾರಿಗೂ ಕೇಳಿಸಲಿಲ್ಲ. ಗಡಿಗೆ ಮಾಡಿದರು, ಸುಟ್ಟರು, ಚಂದ ಬಂದವು, ಊರಿಗೆಲ್ಲ ಕೊಟ್ಟರು.

ಮೂರನೇ ದಿನ ಬೆಳಗ್ಗೆ ಏನಾಯ್ತು ಗೊತ್ತಾ? ಬಾವಿ ಹತ್ತಿರ ಹೆಂಗಸರು ನೀರು ಹೊತ್ತು ಸಾಲಾಗಿ ಬರ್ತಿದ್ದಾರೆ. ಒಬ್ಬಳ ತಲೆ ಮೇಲೆ ಟಪ್. ಗಡಿಗೆ ಹೊಟ್ಟೆಯಿಂದ ಒಂದು ಬಿಲ್ಲೆ ಹಾರಿಹೋಗಿ ಆ ತೂತಿಂದ ನೀರು ಸೊರ್ ಅಂತ ಕಿವಿಯೊಳಗೆ. ಏನಾಯ್ತೇ ಅಂತ ಹಿಂದಿನವಳು ಕೇಳೋ ಅಷ್ಟರಲ್ಲಿ ಅವಳ ತಲೆ ಮೇಲೂ ಟಪ್. ಆಮೇಲೆ ಟಪ್ ಟಪ್ ಟಪ್ ಅಂತ ಬೀದಿ ಉದ್ದಕ್ಕೂ, ಮಳೆಯಿಲ್ಲದ ಊರಲ್ಲಿ ಹೆಂಗಸರೆಲ್ಲ ತೊಪ್ಪೆಯಾಗಿ ನಿಂತರಂತೆ. ಕೊನೇಲಿ ಪಟೇಲರ ಹೆಂಡತಿ, ಹೊಸ ಸೀರೆ ಉಟ್ಟುಕೊಂಡು ಗಂಗೆಪೂಜೆ ಮಾಡಿ ಒಂದು ಗಡಿಗೆ ಹೊತ್ತು ಬಂದಿದ್ದರಂತೆ. ಅವರ ಗಡಿಗೆ ಟಪ್ ಅನ್ನಲಿಲ್ಲ. ಢಬ್ ಅಂತಂತೆ.

ಯಾಕೆ ಒಡೆದವು ಅಂತೀಯಾ? ಕೆರೆ ಮಣ್ಣಲ್ಲಿ ಸುಣ್ಣಕಲ್ಲಿನ ಚೂರು ಇರುತ್ತೆ ಕಣೇ. ಸಾಸಿವೆ ಕಾಳಿನಷ್ಟು. ಹಸಿ ಮಣ್ಣಲ್ಲಿ ಅದು ಕಣ್ಣಿಗೆ ಕಾಣಲ್ಲ, ಮೈಗೆಲ್ಲ ಮಣ್ಣು ಬಳಕೊಂಡು ಕೂತಿರುತ್ತೆ. ಆವಿಗೇಲಿ ಬೇಯೋವಾಗಲೂ ಸುಮ್ಮನಿರುತ್ತೆ. ಗಡಿಗೆಗೆ ನೀರು ಬಿದ್ದು ಎರಡು ಮೂರು ದಿನ ಆದ ಮೇಲೆ ಅದು ಒಳಗೇ ಅರಳಿ, ಗಡಿಗೆಯ ಹೊಟ್ಟೆ ಒಡಕೊಂಡು ಹೊರಗೆ ಬರುತ್ತೆ. ಹೊಂಬಾಳಮ್ಮ ಮೂವತ್ತು ವರ್ಷ ಅಂಥ ಒಂದು ಕಲ್ಲನ್ನೂ ಬಿಡದೆ ಅಂಗಾಲಲ್ಲೇ ಹುಡುಕಿ ತೆಗೆದು ಎಸೀತಿದ್ದಳಲ್ಲ, ಹಂಗಾಗಿ ಮಕ್ಕಳಿಗೆ ಅಂಥಾದ್ದೊಂದು ಕಲ್ಲು ಇದೆ ಅಂತಲೇ ಗೊತ್ತಿರಲಿಲ್ಲವಂತೆ.

ಆಮೇಲೆ ಪಟೇಲರು ಬಂದರಂತೆ, ಹಿಂದೆ ಒದ್ದೆ ಸೀರೆಯ ಹೆಂಡತಿ. ಏನಮ್ಮಾ ಹೊಂಬಾಳಮ್ಮ, ಇಪ್ಪತ್ತು ದಿನಕ್ಕೆ ನನ್ನ ಮಗಳ ಮದುವೆ, ಐದು ಐರಣೆ ಗಡಿಗೆ ನಿನ್ನ ಮನೆಯಿಂದಲೇ ಬರಬೇಕು, ಅದರ ಗತಿಯೇನು ಅಂದರಂತೆ. ಐರಣೆ ಅಂದರೆ ಮದುವೆಗೆ ಅಂತ ಕುಂಬಾರರ ಮನೆಯಿಂದ ವಾದ್ಯ ಊದಿಸಿಕೊಂಡು ತರೋ ಗಡಿಗೆಗಳು, ಸುಣ್ಣ ಕೆಮ್ಮಣ್ಣಿನ ಚಿತ್ತಾರ ಬರೆದಿರುತ್ತೆ. ಅವು ಚಪ್ಪರಕ್ಕೆ ಬಂದು ಕೂರೋವರೆಗೂ ಹುಡುಗಿ ಹಸೆಮಣೆ ಏರೋ ಹಾಗಿಲ್ಲ. ಒಡಗಟ್ಟದ ಐರಣೆ ಮಾಡೋ ಹಕ್ಕು ಏಳು ತಲೆಮಾರಿಂದ ಈ ಮನೇದು. ಹೊಂಬಾಳಮ್ಮ ಮದುವೆಯಾಗಿ ಬಂದ ದಿನ ಅವಳತ್ತೆ ಅವಳ ಕಾಲು ತೊಳೆದು, ಸೀದಾ ಕರಕೊಂಡು ಹೋಗಿ ಹಸಿ ಮಣ್ಣಲ್ಲಿ ನಿಲ್ಲಿಸಿ, ಐರಣೆ ಇನ್ನು ನಿನ್ನ ಕಾಲಿಗೆ ಸೇರಿದ್ದು ಅಂದಿದ್ದಳಂತೆ. ಪಟೇಲರು ಅದೆಲ್ಲ ಕೇಳಲಿಲ್ಲ. ಮೂರು ದಿನ ಮುಂಚೆ ಗಡಿಗೆಗೆ ನೀರು ತುಂಬಿ ಚಪ್ಪರದಲ್ಲಿ ಇಡ್ತೀನಿ, ಐದರಲ್ಲಿ ಒಂದು ಸಿಡಿದರೂ ಐರಣೆ ಹಕ್ಕು ಹುಲ್ಲೂರು ಕುಂಬಾರರಿಗೆ, ಮತ್ತೆ ನನ್ನ ಹತ್ತಿರ ಬರಬೇಡಿ ಅಂದು ಹೊರಟೇಹೋದರಂತೆ.

ಹೊಂಬಾಳಮ್ಮ ಅಳಲಿಲ್ಲ. ಅಂಗಳದಲ್ಲಿ ಹೊಸ ಮಣ್ಣು ಹರಡಿಸಿದಳಂತೆ. ಅದರೊಳಗೆ ತಾನೇ ಕೈಯಾರ ಮೂರು ಕಾಳು ಹೂತಿಟ್ಟಳಂತೆ: ಒಂದು ಹುಣಿಸೆಬೀಜ, ಒಂದು ಹೆಸರುಕಾಳು, ಒಂದು ಸಾಸಿವೆ. ಆಮೇಲೆ ಜಗಲಿ ಮೇಲೆ ಕೋಲು ಹಿಡಕೊಂಡು ಕೂತು, ಒಬ್ಬೊಬ್ಬರಾಗಿ ನಡೀರಿ, ಕೈಲಿ ಹುಡುಕೋ ಹಾಗಿಲ್ಲ, ಕಾಲಲ್ಲೇ ಹುಡುಕಬೇಕು, ಹುಡುಕಿದವನು ಐರಣೆ ಮಣ್ಣು ತುಳೀಲಿ ಅಂದಳಂತೆ.

ಮೊದಲು ಓಬಯ್ಯ ಇಳಿದ. ಅವನಿಗೆ ಯಾವಾಗಲೂ ಅವಸರ. ಕಾಲು ಮಣ್ಣಲ್ಲಿ ಇದ್ದರೆ ತಲೆ ತಿಗರಿ ಹತ್ತಿರ, ತಿಗರಿ ಹತ್ತಿರ ಇದ್ದರೆ ತಲೆ ಮದುವೆ ಊಟದ ಹತ್ತಿರ. ಧಡ ಧಡ ಹನ್ನೊಂದು ಸುತ್ತು ಹಾಕಿ, ಏನೂ ಇಲ್ಲ ಅವ್ವಾ, ಮಣ್ಣು ಬೆಣ್ಣೆ ಇದ್ದಂಗಿದೆ ಅಂತ ಮೇಲೆ ಬಂದನಂತೆ. ಲೋ ಓಬಯ್ಯ, ಈಗ ಕೊನೆಗೆ ಇಟ್ಟಿದ್ದು ಯಾವ ಕಾಲೋ ಅಂತ ಅವ್ವ ಕೇಳಿದಳು. ಅವನು ಎರಡೂ ಕಾಲು ನೋಡಿಕೊಂಡನಂತೆ, ಗೊತ್ತಾಗಲಿಲ್ಲವಂತೆ. ಕಾಲು ಚಾಚು ಅಂದಳು. ಚಾಚಿದರೆ ಅವನ ಎಡಗಾಲ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಹುಣಿಸೆಬೀಜ ಸಿಕ್ಕಿಹಾಕಿಕೊಂಡು ಕೂತಿತ್ತಂತೆ! ಅದನ್ನ ಇಟ್ಟುಕೊಂಡೇ ಏಳೆಂಟು ಸುತ್ತು ಹಾಕಿದ್ದಾನೆ ಪುಣ್ಯಾತ್ಮ. ಅವ್ವ ಅದನ್ನ ಕಿತ್ತು ಮತ್ತೆ ಮಣ್ಣಲ್ಲಿ ಹೂತಳಂತೆ, ಓಬಯ್ಯ ಕಾಲು ತೊಳಕೊಂಡು ಮೂಲೇಲಿ ಕೂತನಂತೆ.

ಎರಡನೆಯವನು ಚೌಡಯ್ಯ. ಇವನು ಸಾಮಾನ್ಯ ಅಲ್ಲ. ಊರಾಚೆ ಮಂಟಪದಲ್ಲಿ ಹೋದ ವರ್ಷ ಒಬ್ಬರು ಸನ್ಯಾಸಿ ತಂಗಿದ್ದರಂತೆ, ಅವರು ಬೆಳಗ್ಗೆ ಬೆಳಗ್ಗೆ ನಿಧಾನಕ್ಕೆ ನಡೀತಾ ಧ್ಯಾನ ಮಾಡ್ತಿದ್ದರಂತೆ. ಚೌಡಯ್ಯ ದೂರದಿಂದ ಅರ್ಧ ಗಂಟೆ ನೋಡಿ ಬಂದು, ನನಗೂ ಬರುತ್ತೆ ಅಂತ ಹೇಳ್ಕೊಂಡು ತಿರುಗ್ತಿದ್ದನಂತೆ. ಈಗ ಸಮಯ ಬಂತಲ್ಲ, ಹಣೆ ತುಂಬ ವಿಭೂತಿ ಬಳಕೊಂಡ, ಅರ್ಧ ಕಣ್ಣು ಮುಚ್ಚಿದ, ಎಡಗಾಲನ್ನು ಎತ್ತುತ್ತಿದ್ದೇನೆ, ಎಡಗಾಲನ್ನು ಇಡುತ್ತಿದ್ದೇನೆ, ಬಲಗಾಲನ್ನು ಎತ್ತುತ್ತಿದ್ದೇನೆ ಅಂತ ಪುಸ್ತಕ ಓದೋ ಹಾಗೆ ರಾಗವಾಗಿ ಶುರುಮಾಡಿದನಂತೆ. ಬೀದಿಯ ಜನ ಬಂದು ಗೋಡೆ ಮೇಲಿಂದ ಇಣುಕಿದರಂತೆ. ಅಯ್ಯೋ ನೋಡ್ರೇ, ಚೌಡಯ್ಯಂಗೆ ಏನೋ ಬಂದುಬಿಟ್ಟಿದೆ ಅಂದಳಂತೆ ಒಬ್ಬಳು. ಇನ್ನೊಬ್ಬಳು ಕೈ ಮುಗಿದಳಂತೆ. ಅದು ಚೌಡಯ್ಯನ ಕಿವಿಗೆ ಬಿದ್ದಿದ್ದೇ ತಡ, ದನಿ ಇನ್ನೂ ಗಟ್ಟಿಯಾಯ್ತು, ಕಣ್ಣು ಪೂರ್ತಿ ಮುಚ್ಚಿಕೊಂಡಿತು, ಎಡಗಾಲು ಬಲಗಾಲು ಅಂತಾ ಅಂತಾ ಮಣ್ಣು ದಾಟಿದ, ಅಂಗಳ ದಾಟಿದ, ಕತ್ತೆ ಕಟ್ಟಿದ್ದ ಗೂಟ ದಾಟಿದ, ಬಲಗಾಲನ್ನು ಇಡುತ್ತಿದ್ದೇನೆ ಅಂತ ಸೀದಾ ತಿಪ್ಪೆಗುಂಡಿಯೊಳಗೆ ಇಟ್ಟನಂತೆ! ಸೊಂಟದ ತನಕ.

ಪಾಪ, ಅವನನ್ನ ಎಳೆದು ಹಾಕೋಕೆ ನಾಲ್ಕು ಜನ ಬೇಕಾಯ್ತಂತೆ. ಹೊಂಬಾಳಮ್ಮ ತಲೆ ಮೇಲೆ ಕೈ ಹೊತ್ತು, ಲೋ, ಕಾಲು ಬರೀ ನಿನ್ನ ಬಾಯಲ್ಲಿದೆ ಕಣೋ, ಕಾಲಲ್ಲಿ ಇಲ್ಲ ಅಂದಳಂತೆ.

ಆಮೇಲೆ ಉಳಿದವನು ಸಣ್ಣೀರ. ಅವನು ಮಣ್ಣಿಗೆ ಇಳಿದ, ಒಂದು ಸುತ್ತು ಹಾಕಿದ, ಎರಡನೇ ಸುತ್ತಲ್ಲಿ ಕಾಲು ನಿಧಾನ ಆಯ್ತು, ಮೂರನೇ ಸುತ್ತಲ್ಲಿ ನಿಂತುಬಿಟ್ಟನಂತೆ. ಅವ್ವ ಕೋಲು ಊರಿಕೊಂಡು ಮುಂದಕ್ಕೆ ಬಗ್ಗಿದಳು, ಏನೋ ಸಿಕ್ಕಿರಬೇಕು, ಕಾಲಲ್ಲಿ ನೋಡ್ತಿದ್ದಾನೆ ಅಂತ. ಬೀದಿಯೋರೆಲ್ಲ ಗೋಡೆ ಮೇಲಿಂದ ಕತ್ತು ಚಾಚಿದರು. ಆಗ ಸಣ್ಣೀರ ಗೊರಕೆ ಹೊಡೆದನಂತೆ.

ಜನ ಬಿದ್ದು ಬಿದ್ದು ನಕ್ಕರು. ಅವ್ವ ಕೋಲಲ್ಲಿ ತಿವಿದಳು. ಸಣ್ಣೀರ ಕಣ್ಣುಜ್ಜಿಕೊಂಡು ಎಲ್ಲರನ್ನೂ ನೋಡಿ, ಅವ್ವಾ, ನಂಗೆ ಬರಲ್ಲ. ನೀನು ಹೆಂಗೆ ತುಳೀತಿದ್ದೆ, ಹೇಳಿಕೊಡು ಅಂದನಂತೆ.

ಹೊಂಬಾಳಮ್ಮ ಆಗ ಅತ್ತಳಂತೆ ಸಿಂಚೂ. ಯಾಕೆ ಗೊತ್ತಾ? ಮೂವತ್ತು ವರ್ಷದಲ್ಲಿ ಆ ಮಾತು ಕೇಳಿದವನು ಅವನೇ ಮೊದಲು.

ಆದರೆ ಹೇಳಿಕೊಡೋದು ಹೆಂಗೆ? ಬಾಯಿ ತೆಗೆದರೆ ಎಡಗಾಲು ಎತ್ತು, ಬಲಗಾಲು ಇಡು ಅಂತ ಚೌಡಯ್ಯನ ಪುರಾಣವೇ ಆಗುತ್ತೆ. ಯೋಚನೆ ಮಾಡಿದಳಂತೆ. ಆಮೇಲೆ, ಮಗಾ, ನಾಳೆಯಿಂದ ಮೂರು ದಿನ ಪಟೇಲನ ಹಿಂದೆ ಕೆರೆಗೆ ಹೋಗು, ಬಾಲ ಹಿಡೀಬೇಡ, ಬರೋವಾಗ ಅವನ ಹೊರೇಲಿ ಅರ್ಧ ನಿನ್ನ ತಲೆ ಮೇಲೆ ಇಟ್ಟುಕೋ, ಅವನು ಹೆಜ್ಜೆ ಇಟ್ಟ ಕಡೆ ನೀನೂ ಹೆಜ್ಜೆ ಇಡು, ಅಷ್ಟೇ ಅಂದಳಂತೆ. ಕತ್ತೆ ಹತ್ತಿರ ಪಾಠಾನಾ ಅಂತ ಅಣ್ಣಂದಿರು ನಕ್ಕರಂತೆ. ಒಬ್ಬ ಮೂಲೇಲಿ, ಇನ್ನೊಬ್ಬ ಬಚ್ಚಲಲ್ಲಿ.

ಮೊದಲನೇ ದಿನ ಸಣ್ಣೀರ ತಲೆ ಮೇಲೆ ಮಣ್ಣು ಹೊತ್ತು ಕೆರೆಯಿಂದ ಹೊರಟ. ಕತ್ತೆಗೆ ನಾಲ್ಕು ಕಾಲು, ತನಗೆ ಎರಡು, ಯಾವ ಕಾಲಿನ ಗುರುತಿನ ಮೇಲೆ ಕಾಲಿಡೋದು ಅಂತ ಲೆಕ್ಕ ಹಾಕ್ತಾ ಹಾಕ್ತಾ ಕೆರೆ ಏರಿ ಮೇಲಿಂದ ಉರುಳಿಬಿದ್ದನಂತೆ. ಮತ್ತೆ ಹತ್ತಿದ, ಮತ್ತೆ ಬಿದ್ದ. ಮೂರನೇ ಸಲ ಬಿದ್ದಾಗ ಕತ್ತೆ ನಿಂತು, ಹಿಂತಿರುಗಿ, ಇವನನ್ನ ಒಂದು ನೋಟ ನೋಡಿತಂತೆ. ಆ ನೋಟಕ್ಕೆ ಅವನಿಗೆ ನಾಚಿಕೆಯಾಯ್ತಂತೆ. ಆಗ ಲೆಕ್ಕ ಬಿಟ್ಟು ಸುಮ್ಮನೆ ನೋಡಿದನಂತೆ. ನೋಡಿದರೆ, ಕತ್ತೆ ಮುಂಗಾಲು ಎತ್ತಿದ ಜಾಗದಲ್ಲೇ ಹಿಂಗಾಲು ಇಡ್ತಿತ್ತಂತೆ. ಗುರುತು ಇದ್ದದ್ದು ಎರಡೇ ಸಾಲು. ಇಷ್ಟು ವರ್ಷ ಬಾಲ ಹಿಡಿದಿದ್ದವನು ಅದರ ಕಾಲು ನೋಡಿದ್ದು ಅವತ್ತೇ.

ಎರಡನೇ ದಿನ ಬಿಸಿಲು ಜೋರು, ಹೊರೆ ಭಾರ. ನಿದ್ದೆ ಬರೋ ಹಾಗೇ ಇಲ್ಲ, ಕಣ್ಣು ಮುಚ್ಚಿದರೆ ಹೊರೆ ಬೀಳುತ್ತೆ. ನಡೀತಾ ನಡೀತಾ ಅವನಿಗೆ ತನ್ನ ಕಾಲು ಗೊತ್ತಾಗೋಕೆ ಶುರುವಾಯ್ತಂತೆ. ಹಿಮ್ಮಡಿ ಮೊದಲು ಮುಟ್ಟುತ್ತೆ, ಆಮೇಲೆ ಪಾದದ ಹೊರ ಅಂಚು, ಆಮೇಲೆ ಕಿರುಬೆರಳ ಬುಡ, ಅಲ್ಲಿಂದ ಭಾರ ಉರುಳಿಕೊಂಡು ಹೆಬ್ಬೆರಳಿಗೆ ಬರುತ್ತೆ, ಅಷ್ಟರಲ್ಲಿ ಮಂಡಿ ಒಂಚೂರು ಬಗ್ಗುತ್ತೆ, ಸೊಂಟ ಆ ಕಡೆ ತೂಗುತ್ತೆ, ಕತ್ತು ಹೊರೇನ ನೆಟ್ಟಗೆ ಹಿಡಿಯುತ್ತೆ, ಉಸಿರು ಹೊರಗೆ ಹೋಗುತ್ತೆ. ಆಮೇಲೆ ಇನ್ನೊಂದು ಕಾಲು. ಅಯ್ಯೋ, ಇಷ್ಟೆಲ್ಲ ನಡೀತಿತ್ತಾ ಇಲ್ಲಿ, ನಾನು ಎಲ್ಲಿ ಹೋಗಿದ್ದೆ ಅಂದುಕೊಂಡನಂತೆ ಸಣ್ಣೀರ.

ಅದೇ ಹೊತ್ತಿಗೆ ಎದುರಿಂದ ನಿಜವಾದ ಪಟೇಲರು ಬಂದರಂತೆ, ಮದುವೆ ಕರೆಯೋಕೆ ಹೊರಟಿದ್ದರು, ಜರಿ ಪೇಟ, ಹೊಸ ಪಂಚೆ. ಕೆರೆ ಏರಿ ಇಕ್ಕಟ್ಟು. ಕತ್ತೆ ನಿಂತಿತು, ಪಟೇಲರೂ ನಿಂತರು. ಸರಿಸೋ ಅದನ್ನ ಪಕ್ಕಕ್ಕೆ ಅಂದರಂತೆ ಪಟೇಲರು. ಸಣ್ಣೀರನ ಗಮನವೆಲ್ಲ ಕಾಲಲ್ಲಿ, ಬಾಯಿ ಹಳೇ ಅಭ್ಯಾಸದಲ್ಲಿ ಹೇಳಿಬಿಡ್ತು. ಅವರು ಸರಿಯಲ್ಲ ಸ್ವಾಮೀ, ಪಕ್ಕದ ಮಣ್ಣು ಸಡಿಲ ಇದೆ, ಅವರಿಗೆ ಗೊತ್ತು. ಯಾರೋ ಅವರು, ಇಲ್ಲಿ ನಾನು ಬಿಟ್ಟರೆ ಇನ್ಯಾರಿದ್ದಾರೆ ಅಂತ ಸಿಟ್ಟಿಂದ ಪಟೇಲರು ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟರಂತೆ. ಇಟ್ಟ ಕಡೆ ಮಣ್ಣು ಕುಸೀತು, ಪಟೇಲರು ಸರ್ ಅಂತ ಜಾರಿಕೊಂಡು ಹೋಗಿ ಕೆಸರಲ್ಲಿ ಕೂತರಂತೆ, ಪೇಟ ಮಾತ್ರ ಮೇಲೆ ಉಳೀತಂತೆ. ಕತ್ತೆ ಪೇಟದ ಪಕ್ಕದಲ್ಲಿ ಜಾಗ ನೋಡಿ, ಮುಟ್ಟದ ಹಾಗೆ ಕಾಲಿಟ್ಟು, ಮುಂದೆ ಹೋಯ್ತಂತೆ. ಸಣ್ಣೀರ ಹೊರೆ ಇಳಿಸಿ, ಅವರನ್ನ ಎತ್ತಿ ನಿಲ್ಲಿಸಿ ಪೇಟ ಕೊಟ್ಟ. ಪಟೇಲರು ಥ್ಯಾಂಕ್ಸ್ ಹೇಳಲಿಲ್ಲ. ಇನ್ನು ನೋಡ್ಕೋ, ಐರಣೇಲಿ ಒಂದು ಕೂದಲೆಳೆ ಬಿರುಕು ಬಂದರೂ ನಿಮ್ಮ ಮನೆಗೂ ಐರಣೆಗೂ ಸಂಬಂಧ ಇಲ್ಲ ಅಂದರಂತೆ.

ಮೂರನೇ ದಿನ ಸಣ್ಣೀರ ಮನೆ ಹತ್ತಿರ ಬರ್ತಿದ್ದಾನೆ, ಬಲಗಾಲು ಎತ್ತಿ ಇಡೋಕೆ ಹೋದ, ಕಾಲು ಇಳೀಲಿಲ್ಲವಂತೆ. ಅಂಗಾಲಿಗೆ ಏನೋ ಬರೀ ತಾಗಿತ್ತು, ಭಾರ ಇನ್ನೂ ಬಿದ್ದಿರಲಿಲ್ಲ, ಅಷ್ಟರಲ್ಲೇ ಕಾಲು ತಾನೇ ತಡೆದು ನಿಂತಿತು. ಬಗ್ಗಿ ನೋಡಿದರೆ ಒಂದು ಜಾಲಿಮುಳ್ಳು. ಅದನ್ನ ಕೈಲಿ ಹಿಡಕೊಂಡು ಓಡಿಬಂದನಂತೆ, ಅವ್ವಾ, ಚುಚ್ಚೋಕೆ ಮುಂಚೆ ಗೊತ್ತಾಯ್ತು, ಮುಂಚೇನೇ ಗೊತ್ತಾಯ್ತು ಅಂತ. ಓಡಿಬರೋವಾಗ ಗೂಟಕ್ಕೆ ಎಡವಿ ಬಿದ್ದ, ಅದು ಬೇರೆ ವಿಷಯ. ಹೊಂಬಾಳಮ್ಮ ಮುಳ್ಳು ಇಸಕೊಂಡು ನೋಡಿ, ಸರಿ, ಇಳಿ ಮಣ್ಣಿಗೆ ಅಂದಳಂತೆ.

ಸಣ್ಣೀರ ಇಳಿದ. ಬಾಯಿ ಮುಚ್ಚಿತ್ತು, ಕಣ್ಣು ತೆರೆದಿತ್ತು. ಎರಡನೇ ಸುತ್ತಲ್ಲಿ ನಿಂತ, ಬಗ್ಗಿದ, ಹುಣಿಸೆಬೀಜ ಎತ್ತಿ ಕೊಟ್ಟ. ಐದನೇ ಸುತ್ತಲ್ಲಿ ಹೆಸರುಕಾಳು. ಆಮೇಲೆ ಏನೂ ಇಲ್ಲ. ಆರು, ಏಳು, ಎಂಟು, ಒಂಬತ್ತು. ನಡುನಡುವೆ ಸುಣ್ಣಕಲ್ಲು ಸಿಕ್ಕವು, ತೆಗೆದು ಎಸೆದ. ಹತ್ತನೇ ಸುತ್ತಲ್ಲಿ ಎಡಗಾಲ ನಡುಬೆರಳ ಕೆಳಗೆ ಸಾಸಿವೆ ಸಿಕ್ತಂತೆ! ಓಬಯ್ಯ ಕುಣಿದಾಡಿಬಿಟ್ಟ. ಆಯ್ತು, ಮೂರೂ ಸಿಕ್ಕಿತಲ್ಲ, ಎತ್ತಿಕೊಡು ಮಣ್ಣು, ತಿಗರಿ ಮೇಲೆ ಹಾಕ್ತೀನಿ, ಗಡಿಗೆ ಒಣಗೋಕೆ ಎಂಟು ದಿನ, ಸುಟ್ಟು ಚಿತ್ತಾರ ಬರೆಯೋಕೆ ಐದು ದಿನ ಬೇಕು, ಇವತ್ತು ಎತ್ತದಿದ್ದರೆ ಮದುವೆ ಹೊತ್ತಿಗೆ ಆಗಲ್ಲ ಅಂದನಂತೆ.

ಸಣ್ಣೀರ ಅಲ್ಲಾಡಲಿಲ್ಲ. ಅಣ್ಣಾ, ಇನ್ನೂ ಒಂದಿದೆ ಅಂದನಂತೆ.

ಏನಿದೆ, ಅವ್ವ ಇಟ್ಟಿದ್ದೇ ಮೂರು ಅಂತ ಚೌಡಯ್ಯ. ಹೊತ್ತು ಮುಳುಗ್ತಾ ಬಂತು ಕಣೋ, ನಾಳೆ ಮೋಡ ಹಾಕಿದರೆ ಏನು ಮಾಡ್ತೀಯ ಅಂತ ಓಬಯ್ಯ. ಮೂರು ದಿನ ಕತ್ತೆ ಹಿಂದೆ ಹೋದ, ಈಗ ನಮಗೆ ಬುದ್ಧಿ ಹೇಳ್ತಾನೆ ಅಂತ ಇಬ್ಬರೂ. ಸಣ್ಣೀರ ಮಾತ್ರ, ಮಧ್ಯದಲ್ಲಿ ಎಲ್ಲೋ ಇದೆ, ಒಂದು ಸಲ ಹಿಮ್ಮಡಿಗೆ ತಾಕಿ ಜಾರಿಹೋಯ್ತು, ಬಿಟ್ಟರೆ ಅದೇ ಸಿಡಿಯೋದು ಅಂತ ಹೇಳ್ತಾನೇ ಇದ್ದನಂತೆ.

ಎಲ್ಲರೂ ಅವ್ವನ ಮುಖ ನೋಡಿದರಂತೆ. ಹೊಂಬಾಳಮ್ಮ, ನನ್ನ ಎತ್ತಿ ಮಣ್ಣಲ್ಲಿ ನಿಲ್ಲಿಸಿ ಅಂದಳಂತೆ. ದೊಡ್ಡವರಿಬ್ಬರೂ ಎರಡು ಕಡೆ ಹಿಡಕೊಂಡು ನಿಲ್ಲಿಸಿದರು. ಅವಳು ಬಲಗಾಲು ಮಣ್ಣಿನ ಮೇಲಿಟ್ಟು, ಒತ್ತದೆ, ಸುಮ್ಮನೆ ಇಟ್ಟುಕೊಂಡು ನಿಂತಳಂತೆ. ತುಂಬ ಹೊತ್ತು ನಿಂತಳು. ಆಮೇಲೆ, ಇದೆ ಅಂದಳಂತೆ. ಐರಣೆ ತಡವಾದರೆ ಪಟೇಲರ ಕಾಲು ಹಿಡೀತೀನಿ, ಇದು ಇಟ್ಟುಕೊಂಡು ಕೊಟ್ಟರೆ ನನ್ನ ಕಾಲಿಗೆ ನಾನೇನು ಹೇಳಲಿ, ತುಳಿಯೋ ಮಗಾ ಅಂದಳಂತೆ.

ಸಣ್ಣೀರ ಹನ್ನೊಂದನೇ ಸುತ್ತು ಶುರುಮಾಡಿದ. ಆ ಸುತ್ತು ಮುಗಿಯೋಕೆ ಹಿಂದಿನ ಹತ್ತು ಸುತ್ತಿನಷ್ಟು ಹೊತ್ತು ಹಿಡೀತಂತೆ. ಗೋಡೆ ಮೇಲಿದ್ದ ಜನ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರಂತೆ. ಗೂಟದ ಹತ್ತಿರ ಕತ್ತೇನೂ ಹುಲ್ಲು ಅಗಿಯೋದು ನಿಲ್ಲಿಸಿ ನೋಡ್ತಿತ್ತಂತೆ. ಕೊನೇ ಹೆಜ್ಜೆ, ಸರಿಯಾಗಿ ನಡುಮಧ್ಯದಲ್ಲಿ, ಸಣ್ಣೀರ ನಿಂತ, ಬಗ್ಗಿದ, ಉಗುರಿನ ತುದೀಲಿ ಎತ್ತಿದ. ಸಾಸಿವೆಗಿಂತ ಸಣ್ಣದು, ಗಸಗಸೆ ಅಷ್ಟು. ಒರೆಸಿದರೆ ಬೆಳ್ಳಗೆ ಸುಣ್ಣಕಲ್ಲು. ಓಬಯ್ಯ ಅದನ್ನ ಅಂಗೈಮೇಲೆ ಇಟ್ಟುಕೊಂಡು ನೋಡಿ, ತಿಗರಿ ಹತ್ತಿರ ಹೋಗಿ ಕೂತು, ಆವತ್ತು ಮೊದಲನೇ ಸಲ ಅವಸರ ಇಲ್ಲದೆ ಗಡಿಗೆ ಎತ್ತಿದನಂತೆ.

ಹೂಂ ಅಂದೆಯಾ? ಸರಿ. ಈಗ ಮದುವೆ.

ಐದು ಐರಣೆ ಗಡಿಗೆ, ವಾದ್ಯದ ಜೊತೆ ಚಪ್ಪರಕ್ಕೆ ಬಂದವು. ಮೂರು ದಿನ ನೀರು ತುಂಬಿಟ್ಟರು. ಆ ಮೂರು ದಿನ ಪಟೇಲರ ಹೆಂಡತಿ ಚಪ್ಪರ ದಾಟೋವಾಗೆಲ್ಲ ತಲೆ ಮೇಲೆ ಒಂದು ಹಿತ್ತಾಳೆ ತಟ್ಟೆ ಹಿಡಕೊಂಡು ಓಡ್ತಿದ್ದರಂತೆ. ಮುಹೂರ್ತದ ಹೊತ್ತಿಗೆ ನೆಂಟರೆಲ್ಲ ಗಡಿಗೆಯಿಂದ ಹತ್ತು ಮಾರು ದೂರ ಕೂತರಂತೆ, ಕೆಲವರು ಛತ್ರಿ ಬಿಚ್ಚಿಕೊಂಡು. ಹುಲ್ಲೂರು ಕುಂಬಾರರೂ ಬಂದು ಕಂಬಕ್ಕೆ ಒರಗಿ ಕಾಯ್ತಿದ್ದರು. ಪುರೋಹಿತರು ಮಂತ್ರ ಶುರುಮಾಡಿದರು. ಆಗ, ಟಪ್!

ಛತ್ರಿಯೋರು ಛತ್ರಿ ಅಡ್ಡ ಹಿಡಿದರು, ಪಟೇಲರ ಹೆಂಡತಿ ತಟ್ಟೆ ಹೊತ್ತು ಕೂತರು, ಹೊಂಬಾಳಮ್ಮ ಕಣ್ಣು ಮುಚ್ಚಿಕೊಂಡಳು. ಸಣ್ಣೀರ ಒಬ್ಬನೇ ಸುಮ್ಮನೆ ನಿಂತಿದ್ದನಂತೆ. ಗಡಿಗೆ ಅಲ್ಲ ಅವ್ವಾ ಅಂದನಂತೆ. ನೋಡಿದರೆ ಪುರೋಹಿತರು ಅಡಕತ್ತರೀಲಿ ಒಂದು ಅಡಿಕೆ ಕತ್ತರಿಸಿದ್ದರು.

ಐದೂ ಗಡಿಗೆ ಗಟ್ಟಿ. ಒಂದು ಗೆರೆ ಇಲ್ಲ. ಹುಡುಗಿ ಹಸೆಮಣೆ ಏರಿದಳು, ಹುಲ್ಲೂರಿನವರು ಊಟಕ್ಕೆ ಕೂತರು. ಪಟೇಲರು ಸೀದಾ ಸಣ್ಣೀರನ ಹತ್ತಿರ ಬಂದು, ತಪ್ಪಾಯ್ತು ಕಣಯ್ಯ, ಐರಣೆ ನಿಮ್ಮ ಮನೇದೇ, ಇಷ್ಟು ಚೆನ್ನಾಗಿ ತುಳಿಯೋದು ಯಾರಯ್ಯ ಕಲಿಸಿದ್ದು ಅಂತ ಕೇಳಿದರಂತೆ. ಸಣ್ಣೀರ ತಲೆ ಕೆರಕೊಂಡು, ಅವರು ಅಂದನಂತೆ. ಓ, ನಿಮ್ಮ ಮನೇಲಿರೋ ಆ ದೊಡ್ಡೋರಾ, ಎಷ್ಟು ವರ್ಷದಿಂದ ಕೇಳ್ತಿದ್ದೀನಿ ಅವರ ಸುದ್ದಿ, ಒಂದು ದಿನವೂ ಮುಖ ನೋಡಿಲ್ಲ, ಕರಕೊಂಡು ಬನ್ನಿ, ಈ ಚಪ್ಪರದಲ್ಲೇ ಶಾಲು ಹೊದಿಸ್ತೀನಿ, ಇದು ನನ್ನ ಮಾತು ಅಂತ ನೂರು ಜನರ ಮುಂದೆ ಅಂದುಬಿಟ್ಟರಂತೆ.

ಊರೋರೆಲ್ಲ ನಗು ತಡೆಯೋಕೆ ಬಾಯಿಗೆ ಬಟ್ಟೆ ಒತ್ತಿಕೊಂಡರಂತೆ. ಆಮೇಲೆ ಸಣ್ಣೀರ ಹೋದ, ಕರಕೊಂಡು ಬಂದ. ಅವರು ಒಂದೊಂದೇ ಹೆಜ್ಜೆ ಎತ್ತಿ ಇಟ್ಟು, ಎಲೆ ತುಳೀದೆ, ರಂಗೋಲಿ ತುಳೀದೆ, ಜನರ ನಡುವೆ ನಡಕೊಂಡು ಬಂದು ಪಟೇಲರ ಎದುರು ನಿಂತರಂತೆ. ಪಟೇಲರು ನೋಡಿದರು. ಕೆರೆ ಏರಿ ನೆನಪಾಯ್ತು. ಮುಖ ಕೆಂಪಾಯ್ತು. ಆದರೆ ಮಾತು ಕೊಟ್ಟಾಗಿದೆಯಲ್ಲ, ಮೈ ಬಿಗಿ ಹಿಡಕೊಂಡು ಶಾಲು ಬಿಚ್ಚಿ ಹೊದಿಸಿದರಂತೆ. ಅವರು ಶಾಲಿನ ಜರಿ ಮೂಸಿ ನೋಡಿ, ಬೇಡ ಅಂತ ಬಿಟ್ಟು, ಚಪ್ಪರದ ಮಾವಿನೆಲೆ ತಿಂದರಂತೆ. ಪಟೇಲರ ಹೆಂಡತಿ ತಟ್ಟೆ ಮರೆಯಲ್ಲಿ ನಕ್ಕಿದ್ದೇ ನಕ್ಕಿದ್ದು. ಕೊನೆಗೆ ಪಟೇಲರಿಗೂ ನಗು ತಡೆಯೋಕಾಗಲಿಲ್ಲ. ಅಲ್ಲಯ್ಯ, ಇವರ ಹೆಸರೇನು ಅಂತ ಕೇಳಿದರಂತೆ.

ಅದನ್ನ ಮಾತ್ರ ಆ ಊರಲ್ಲಿ ಇವತ್ತಿಗೂ ಯಾರೂ ಅವರಿಗೆ ಹೇಳಿಲ್ಲವಂತೆ.

ಆಮೇಲೆ ಸಣ್ಣೀರ ಮಣ್ಣು ತುಳೀತಾ, ಓಬಯ್ಯ ಗಡಿಗೆ ಎತ್ತುತ್ತಾ, ಚೌಡಯ್ಯ ಸಂತೇಲಿ ಮಾತಾಡ್ತಾ ಸುಖವಾಗಿದ್ದರಂತೆ. ಹೊಂಬಾಳಮ್ಮ ಜಗಲೀಲಿ ಮಂಡಿಗೆ ಹರಳೆಣ್ಣೆ ತಿಕ್ಕಿಕೊಂಡು ಸಣ್ಣೀರನ ಸುತ್ತು ಎಣಿಸ್ತಿದ್ದಳಂತೆ, ಹನ್ನೊಂದು, ಹನ್ನೆರಡಲ್ಲ, ಹತ್ತೂ ಅಲ್ಲ.

ಏನು, ಮುಗೀತಾ ಅಂತೀಯಾ? ಇಲ್ಲ, ಇನ್ನೂ ಸ್ವಲ್ಪ ಇದೆ. ನನಗೆ ಬಾಯಾರಿಕೆ ಆಗಿದೆ, ಹೋಗಿ ಅಡಿಗೆಮನೆಯಿಂದ ಒಂದು ಚೊಂಬು ನೀರು ತಾ. ದೀಪ ಬೇಡ, ಅಷ್ಟು ಬೆಳಕಿದೆ. ಓಡಬೇಡ. ಬಾಯಲ್ಲಿ ಎಡಗಾಲು ಬಲಗಾಲು ಅನ್ನಬೇಡ. ಸುಮ್ಮನೆ ಹೋಗು.

ತಂದೆಯಾ? ಚೆಲ್ಲಿಲ್ಲವಲ್ಲ, ಜಾಣೆ. ಏನಂದೆ? ಇನ್ನೊಂದು ಸಲ ಹೇಳು.

ಹೊಸಿಲು ತಣ್ಣಗಿದೆಯಾ? ನಡುವೆ ಸವೆದು ಗುಳಿ ಬಿದ್ದಿದೆಯಾ?

ಹೌದು ಕಣೇ. ಅದು ನಮ್ಮತ್ತೆ ಕಾಲು, ನನ್ನ ಕಾಲು ಓಡಾಡಿ ಬಿದ್ದ ಗುಳಿ. ಈಗ ನಿಂದೂ ಸೇರ್ತು. ಬಾ, ಮಲಕ್ಕೋ. ಅವರ ಗಡಿಗೆ ಅವರ ಚಪ್ಪರದಲ್ಲಿ, ನಿನ್ನ ನಿದ್ದೆ ನಿನ್ನ ಕಣ್ಣಲ್ಲಿ. ಈಗ ಮುಗೀತು ಕತೆ.